ಹುತ್ತದ ಮೇಲೆ ನಾನು ನೆಟ್ಟ ಬಾವುಟ

ಇದು ನಡೆದದ್ದು 2022ರ ಪುಷ್ಯ ಮಳೆಯಲ್ಲಿ. ಹೊಳೆನರಸೀಪುರದ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಲ್ಯಾಬ್ ಸಹಾಯಕಿಯಾಗಿ ಸೇರಿ ನನಗಾಗ ಒಂದು ವರ್ಷವಾಗಿತ್ತು. ಹಳ್ಳಿಮೈಸೂರು ಹತ್ತಿರದ ನಮ್ಮೂರಿನಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಅವ್ವ ಶುಂಠಿ ಹೊಲಗಳಲ್ಲಿ ಕಳೆ ಕಿತ್ತು ಓದಿಸಿದ ಬಿ.ಎಸ್ಸಿ. ಅದು. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಮೊದಲ ಸಂಬಳ ಉಳಿಸಿ, ಫೋನಿಗೆ ಸಿಕ್ಕಿಸುವ ಒಂದು ಚಿಕ್ಕ ಲೆನ್ಸ್ ತರಿಸಿಕೊಂಡಿದ್ದೆ. ಬೆರಳುಗುರಿನಷ್ಟು ಜಾಗವನ್ನೂ ಅದು ಅಂಗಳದಷ್ಟು ಮಾಡಿ ತೋರಿಸುತ್ತದೆ. ಮರದ ತೊಗಟೆ, ಕಲ್ಲಿನ ಮೇಲಿನ ಪಾಚಿ, ಕೊಳೆತ ದಿಮ್ಮಿಯ ಅಣಬೆ, ಕಂಡದ್ದನ್ನೆಲ್ಲ ಮೊಣಕಾಲೂರಿ ತೆಗೆಯುತ್ತಿದ್ದೆ. ಊರವರು ನಾನೇನೋ ಕಳೆದುಕೊಂಡು ಹುಡುಕುತ್ತಿದ್ದೇನೆ ಎಂದುಕೊಂಡು ಅವರೂ ಬಗ್ಗಿ ಹುಡುಕಲು ಶುರು ಮಾಡುತ್ತಿದ್ದರು.

ಆ ತಿಂಗಳು ಹಾಸನದಲ್ಲಿ ಒಂದು ಫೋಟೋ ಪ್ರದರ್ಶನ ಏರ್ಪಾಡಾಗಿತ್ತು. ಪ್ರಕೃತಿಯದೇ ಚಿತ್ರವಾಗಿರಬೇಕು, ಆದರೆ ನೋಡಿದವರಿಗೆ ಅದು ಏನೆಂದು ಗೊತ್ತಾಗಬಾರದು. ಒಬ್ಬರಿಗೆ ಒಂದೇ ಚಿತ್ರ, ಭಾನುವಾರ ಸಂಜೆ ಐದರೊಳಗೆ ಕಳಿಸಬೇಕು. ಆಯ್ಕೆಯಾದರೆ ಕೆಳಗೆ ಹೆಸರು ಅಚ್ಚು ಹಾಕುತ್ತಾರೆ. ಅಂಕಪಟ್ಟಿ ಬಿಟ್ಟರೆ ನನ್ನ ಹೆಸರು ಎಲ್ಲೂ ಅಚ್ಚಾಗಿರಲಿಲ್ಲ. ನನಗೆ ಅದು ಬೇಕೇ ಬೇಕಿತ್ತು. ನಮ್ಮ ವಿಭಾಗದ ಸರ್‌ಗೆ ಏಳು ಫೋಟೋ ತೋರಿಸಿದೆ. "ಇದು ತೊಗಟೆ, ಇದು ಎಲೆ, ನೋಡಿದ ತಕ್ಷಣ ಗೊತ್ತಾಗುತ್ತಲ್ಲಮ್ಮ" ಎಂದು ಏಳನ್ನೂ ತಳ್ಳಿಹಾಕಿದರು.

ಶನಿವಾರ ಸಂಜೆ ಮಳೆ ನಿಂತ ಮೇಲೆ ಬಸ್ಸಿಳಿದು ಬದುವಿನ ಮೇಲೆ ಬರುತ್ತಿದ್ದೆ. ಹುತ್ತದ ಬುಡದಲ್ಲಿ ಮಣ್ಣು ಸೀಳಿ ಹತ್ತಾರು ಮೊಗ್ಗು ತಲೆ ಎತ್ತಿದ್ದವು. ಹುತ್ತದ ಅಣಬೆ! ಬೆಳಗಿನ ಹೊತ್ತಿಗೆ ಕೊಡೆ ಬಿಚ್ಚುತ್ತವೆ. ಆ ಕೊಡೆಯ ಅಡಿಯಲ್ಲಿ ಪುಸ್ತಕದ ಹಾಳೆಗಳಂತೆ ಸಾಲು ಮಡಿಕೆಗಳಿರುತ್ತವೆ. ಅವಕ್ಕೆ ಎಳೆ ಬಿಸಿಲು ಬಿದ್ದಾಗ ತೆಗೆದರೆ ಯಾರಿಗೂ ಗುರುತು ಸಿಗದು ಎಂದು ಅಲ್ಲೇ ಲೆಕ್ಕ ಹಾಕಿದೆ. ಬೆಳಗ್ಗೆ ಜಾಗ ತಪ್ಪಬಾರದಲ್ಲ? ಫೀಲ್ಡ್ ವರ್ಕ್‌ನಲ್ಲಿ ಕಲಿಸಿದ ಹಾಗೆ ಒಂದು ಕಡ್ಡಿ ನೆಟ್ಟು, ನನ್ನ ಜಡೆಯ ಕೆಂಪು ಟೇಪು ಬಿಚ್ಚಿ ತುದಿಗೆ ಕಟ್ಟಿದೆ.

ನಮ್ಮ ಕಡೆ ಅಣಬೆ ಕಂಡವರು ಬಾಯಿ ಬಿಡುವುದಿಲ್ಲ. ಬೆರಳು ಮಾಡಿ ತೋರಿಸುವುದೂ ಇಲ್ಲ, ತೋರಿಸಿದರೆ ಮರುವರ್ಷ ಅಲ್ಲಿ ಏಳುವುದಿಲ್ಲವಂತೆ. ಓದಿದವಳಾದ ನಾನು ಬೆರಳೇನು, ಬಾವುಟವನ್ನೇ ನೆಟ್ಟು ಬಂದಿದ್ದೆ!

ಬೆಳಗ್ಗೆ ಏಳಕ್ಕೆ ಹೋದರೆ ಹುತ್ತದ ಬುಡ ಬೋಳು. ಕೆಂಪು ಟೇಪು ಮಾತ್ರ ಗಾಳಿಗೆ ಆಡುತ್ತಿತ್ತು. ಅಳುವೇ ಬಂತು. ಇದು ಯಾರ ಕೆಲಸವೆಂದು ಕೇಳಬೇಕಾಗಿರಲಿಲ್ಲ. ನಮ್ಮ ಮನೆಯಿಂದ ಎರಡನೇ ಮನೆಯ ದ್ಯಾವಮ್ಮತ್ತೆ ಅವ್ವನ ಜೊತೆ ಕಳೆ ಕೀಳುವವಳು, ಅಣಬೆ ಹುಡುಕುವುದರಲ್ಲಿ ಊರಿಗೇ ಮುಂದು. ಹೆತ್ತ ಮಗಳಿಗೂ ಜಾಗ ಹೇಳಿದವಳಲ್ಲ. ಓಡಿದೆ. ಬೀದಿ ತಿರುವಿನಲ್ಲೇ ಸಾರಿನ ವಾಸನೆ ಹಿಡಿಯಿತು.

"ಅತ್ತೆ, ಅವು ನನ್ನ ಅಣಬೆ!"

"ನಿಂದೇ ಕಣವ್ವ, ಇಲ್ಲ ಅಂದೋರ್ಯಾರು?" ಎಂದು ಒಲೆ ಊದುತ್ತಲೇ ನಕ್ಕಳು. "ಬಾವುಟ ನೆಟ್ಟು ಕರ್ದಿದ್ದೀಯಲ್ಲ, ಬರ್ದೆ ಇದ್ರೆ ಬೇಜಾರ್ ಮಾಡ್ಕತೀಯ ಅಂತ ಕತ್ಲೇಲೇ ಓಗಿ ಬಂದೆ."

"ಒಂದೂ ಉಳಿದಿಲ್ವಾ?"

"ಮೊದ್ಲು ಕಂಡೋರ ಪಾಲು ಇಟ್ಕಂಡ್ರೆ ದಕ್ಕತದಾ? ನಿನ್ನ ಜಡೆ ಟೇಪು ಗೊತ್ತಿಲ್ವಾ ನಂಗೆ? ಎಲ್ಲಕ್ಕಿಂತ ದೊಡ್ಡದ ನಿಮ್ಮವ್ವಂಗೆ ಕೊಟ್ಟು ಬಂದೆ. ಓಡು, ಸೀಳ್ಬುಟ್ಟಾಳು!"

ಅಷ್ಟು ಜೋರಾಗಿ ನಾನು ಸ್ಕೂಲಿನ ಓಟದ ಪಂದ್ಯದಲ್ಲೂ ಓಡಿರಲಿಲ್ಲ. ಅಣಬೆಗೆ ಚಾಕು ತಾಗಿಸುವ ಪದ್ಧತಿ ನಮ್ಮಲ್ಲಿಲ್ಲ, ಕೈಯಲ್ಲೇ ಸೀಳುವುದು. ನಾನು ಹೊಸಿಲು ದಾಟುವಾಗ ಅವ್ವ ಅದನ್ನು ಕೊಡೆಯಿಂದ ಕಾಂಡದವರೆಗೆ ಸರಕ್ಕನೆ ಎರಡು ಹೋಳು ಮಾಡಿದಳು. ಒಂದು ಹೋಳು ಚೂರಾಗಿ ಕುದಿಯುವ ಸಾರಿಗೆ ಬಿತ್ತು.

"ಅವ್ವಾ, ನಿಲ್ಸು!"

"ಏನವ್ವ, ಆವು ಕಂಡೋಳಂಗೆ ಕೂಗ್ತೀಯ?"

ಉಳಿದ ಹೋಳು ಕಸಿದುಕೊಂಡೆ. ಕೊಡೆ ಹಾಳಾಯಿತೆಂದು ಬೇಸರದಿಂದಲೇ ಲೆನ್ಸ್ ಹಿಡಿದೆ. ಹಿಡಿದವಳು ಹಾಗೇ ಕುಳಿತುಬಿಟ್ಟೆ. ಸೀಳಿದ್ದರಿಂದಲೇ ಮಡಿಕೆಗಳ ಅಂಚು ಬಿಡಿಬಿಡಿಯಾಗಿ ತೆರೆದುಕೊಂಡಿತ್ತು. ಕಾಂಡದ ಬಿಳಿ ಎಳೆಗಳು ಮೇಲೇರಿ ಆ ಮಡಿಕೆಗಳೊಳಗೆ ಬಳುಕಿ ಸೇರುತ್ತಿದ್ದವು. ನಾನು ಇಡಿಯಾಗಿ ಕಿತ್ತು ತಂದಿದ್ದರೆ ಇದು ಕಾಣುತ್ತಲೇ ಇರಲಿಲ್ಲ.

ನಮ್ಮ ಅಡುಗೆಮನೆಯ ಸೂರಿನಲ್ಲಿ ಒಂದೇ ಒಂದು ಗಾಜಿನ ಹೆಂಚಿದೆ. ಅದರ ಬೆಳಕಿಗೆ ಹೋಳನ್ನು ಹಿಡಿಯಲು ಅವ್ವನನ್ನೇ ನಿಲ್ಲಿಸಿದೆ. "ಎಡಕ್ಕೆ, ಇನ್ನೊಂಚೂರು ಮೇಲಕ್ಕೆ" ಎನ್ನುತ್ತಾ ಹತ್ತಿರ ಹತ್ತಿರ ಹೋದೆ. ಅಣಬೆಯ ಅಂಚು ಚೌಕಟ್ಟಿನಿಂದ ಆಚೆ ಹೋಯಿತು, ಅವ್ವನ ಬೆರಳು ಹೋಯಿತು. ಕೊನೆಗೆ ಬರೀ ಗೆರೆಗಳು, ಗೆರೆಗಳ ನಡುವಿನ ನೆರಳು, ಮೂಲೆಯಲ್ಲಿ ಅಂಟಿದ್ದ ಒಂದು ಕಣ ಕೆಮ್ಮಣ್ಣು. ಅದನ್ನು ಒರೆಸಬೇಕೆನಿಸಿತು, ಬಿಟ್ಟೆ. ಅದಿದ್ದರೇ ಚಿತ್ರ ನಿಲ್ಲುತ್ತಿತ್ತು.

"ಕೈ ಸೋತೋಯ್ತು ಕಣೆ, ಸಾರು ತಳ ಇಡೀತದೆ!"

"ಉಸಿರಾಡ್ಬೇಡ ಅವ್ವ, ಅಲ್ಲಾಡುತ್ತೆ."

"ಉಸ್ರೂ ಆಡ್ಬಾರ್ದಾ? ಸಾಯಿಸ್ಬುಡು ಅತ್ಲಾಗೆ!"

ಅವ್ವ ತಡೆಯಲಾರದೆ ನಗುವ ಮೊದಲಿನ ಕ್ಷಣದಲ್ಲಿ ಕ್ಲಿಕ್ಕಿಸಿದೆ. ಆಮೇಲೆ ಆ ಹೋಳೂ ಸಾರಿಗೆ ಬಿತ್ತು. ಮುದ್ದೆ ಜೊತೆ ಉಂಡು, ನೆಟ್‌ವರ್ಕ್ ಸಿಗುವ ಬಸ್ ಸ್ಟಾಪಿಗೆ ಹೋಗಿ, ಸಿಗ್ನಲ್ಲಿಗೆ ಕಾದು ಕಾದು ನಾಲ್ಕೂವರೆಗೆ ಫೋಟೋ ಕಳಿಸಿದೆ.

ಆಯ್ಕೆಯಾಯಿತು. ಪ್ರದರ್ಶನದ ದಿನ ಅವ್ವ, ದ್ಯಾವಮ್ಮತ್ತೆ ಇಬ್ಬರನ್ನೂ ಹಾಸನಕ್ಕೆ ಕರೆದುಕೊಂಡು ಹೋದೆ. ನನ್ನ ಚಿತ್ರದ ಮುಂದೆ ಕನ್ನಡಕದ ಹಿರಿಯರೊಬ್ಬರು ತಮ್ಮ ಹೆಂಡತಿಗೆ, "ಇದು ಮರಳುಗಾಡು. ವಿಮಾನದಿಂದ ತೆಗೆದಿದ್ದಾರೆ" ಎಂದು ವಿವರಿಸುತ್ತಿದ್ದರು.

"ಇಮಾನನೂ ಇಲ್ಲ, ಗಿಮಾನನೂ ಇಲ್ಲ ಸಾ" ಎಂದಳು ದ್ಯಾವಮ್ಮತ್ತೆ. "ಅದು ಅಣಬೆ. ಇವ್ರ ಮನೆಯೋರು ಉಂಡ್ಬುಟ್ರು."

ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಆದರೆ ಆ ಹಿರಿಯರು ಜೋರಾಗಿ ನಕ್ಕು, "ಹೆಂಗಿತ್ತಮ್ಮ ರುಚಿ?" ಎಂದು ಕೇಳಿದರು.

"ಉಪ್ಪು ಕಮ್ಮಿಯಾಗಿತ್ತು ಸಾ" ಎಂದಳು ಅವ್ವ, ಮೊದಲ ಸಲ ಬಾಯಿ ತೆರೆದು. "ಇವ್ಳು ಉಸ್ರಾಡ್ಬೇಡ ಅಂತಿದ್ರೆ ಉಪ್ಪಿನ ಗ್ಯಾನ ಎಲ್ಲಿರ್ತದೆ?" ಸುತ್ತ ಇದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಮುಜುಗರ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಬಹುಮಾನ ಬರಲಿಲ್ಲ. ಹೊರಡುವಾಗ ಅವ್ವ ಚಿತ್ರದ ಕೆಳಗಿನ ಚೀಟಿ ನೋಡುತ್ತಾ ನಿಂತಿದ್ದಳು. ಅವಳಿಗೆ ಓದಲು ಬಾರದು. "ಇದ್ರಾಗೆ ನಿನ್ನೆಸ್ರು ಯಾವ್ದು?" ಎಂದಳು. ಹೆಸರು, ಪಕ್ಕದಲ್ಲಿ ಬಿ.ಎಸ್ಸಿ., ಎರಡನ್ನೂ ಓದಿ ಹೇಳಿದೆ. ಅವಳ ಬೆರಳು ಮೇಲೆದ್ದು ಅರ್ಧಕ್ಕೇ ನಿಂತಿತು. "ಬೆರಳು ತೋರ್ಸಬೋದಾ? ಇದೂ ಅಣಬೆನೇ ಅಲ್ವಾ?" ಎಂದು ಮೆಲ್ಲಗೆ ಕೇಳಿದಳು.

"ಇದಕ್ಕೆ ತೋರಿಸಬಹುದವ್ವ" ಎಂದೆ. ಅವಳು ಒಂದೊಂದೇ ಅಕ್ಷರದ ಮೇಲೆ ಬೆರಳಾಡಿಸಿದಳು.

ಮರುವರ್ಷ ಮಳೆ ಹಿಡಿದಾಗ ಒಂದು ಮುಂಜಾನೆ ಬಾಗಿಲು ಬಡಿದ ಸದ್ದು. ಹೆತ್ತ ಮಗಳಿಗೂ ಜಾಗ ಹೇಳದ ದ್ಯಾವಮ್ಮತ್ತೆ ಬಾಗಿಲಲ್ಲಿ ನಿಂತಿದ್ದಳು. "ಎದ್ದವೆ ಬಾ. ಒಂದ್ನೂ ಮುಟ್ಟಿಲ್ಲ. ಬಿರ್ರನೆ ಪಟ ಇಡ್ಕೊ, ಸಾರಿಗೆ ಒತ್ತಾಯ್ತದೆ" ಎಂದಳು.

ನನ್ನ ಡಿಗ್ರಿಗೆ ಸಿಕ್ಕ ಮರ್ಯಾದೆಗಳಲ್ಲಿ ಅದಕ್ಕಿಂತ ದೊಡ್ಡದು ಇವತ್ತಿಗೂ ಇನ್ನೊಂದಿಲ್ಲ.