ಎರಡು ಸೈನ್ಯಗಳ ನಡುವಿನ ಬಯಲು

ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು ಹಲ್ಲುಸೆಟ್ಟು ಮಾಡುವುದು ಅವನ ಕಸುಬು. ಸುತ್ತಲಿನ ಮುದುಕರಲ್ಲಿ ಅರ್ಧ ಜನ ಅವನು ಮಾಡಿದ ಹಲ್ಲಲ್ಲೇ ನಗುತ್ತಿದ್ದರು. ಆದರೂ ಬೀದಿಯಲ್ಲಿ ಅವನಿಗೆ ಬಿದ್ದಿದ್ದ ಹೆಸರು ಸೇನಾಪತಿ. ಭಾನುವಾರ ಬಂತೆಂದರೆ ಅವನ ಮನೆಯ ಊಟದ ಮೇಜಿನ ಮೇಲೆ ಊಟವಲ್ಲ, ಯುದ್ಧ ನಡೆಯುತ್ತಿತ್ತು.

ಬೆರಳುದ್ದದ ಸಿಪಾಯಿಗಳನ್ನು ತಾನೇ ಎರಕ ಹೊಯ್ದು, ಕೂದಲೆಳೆಯಂಥ ಕುಂಚದಲ್ಲಿ ಬಣ್ಣ ಹಚ್ಚುತ್ತಿದ್ದ. ಅವರಿಗೆಂದು ತೂಗುನಾಡು ಎಂಬ ದೇಶವನ್ನೂ ಕಟ್ಟಿದ್ದ. ಅಲ್ಲಿಯ ಅರಸನಿಗೆ ನೀರು ಕಂಡರೆ ಭಯ. ಹಾಗಾಗಿ ನೌಕಾಪಡೆಯ ಠಿಕಾಣಿ ಗುಡ್ಡದ ಮೇಲೆ. ಎದುರಾಳಿ ದೇಶ ಕೆಂಗೋಟೆ. ಅದರ ಒಡೆಯ ಹೆಂಡತಿಯ ಅಣ್ಣ, ಲಿಫ್ಟ್ ರಿಪೇರಿ ಮಾಡುವವನು. ಇಬ್ಬರೂ ದಾಳ ಉರುಳಿಸಿ, ಅಳತೆಪಟ್ಟಿ ಹಿಡಿದು ದಂಡು ನಡೆಸುತ್ತಿದ್ದರು.

"ರೀ, ನಿಮ್ಮ ಸಿಪಾಯಿಗಳು ಒಂದು ದಿನವಾದ್ರೂ ಈರುಳ್ಳಿ ಹೆಚ್ಚಿಕೊಡ್ತಾರಾ?" ಎಂದು ಹೆಂಡತಿ ಮೂತಿ ತಿರುವುತ್ತಿದ್ದಳು.

ಒಂದು ಸಂಜೆ ಬಾವುಟ ಹಿಡಿದ ಸಿಪಾಯಿಯ ಕಣ್ಣು ಬರೆಯುತ್ತಿದ್ದಾಗ ಕುಂಚ ಜಾರಿ ಕೆನ್ನೆಗೆ ಕಪ್ಪು ಗೆರೆ ಎಳೆಯಿತು. ಒರೆಸಿ ಮತ್ತೆ ಬರೆದ. ಮತ್ತೆ ಗೆರೆ. ಬಲಗೈಯನ್ನು ಎಡಗೈಯಿಂದ ಅದುಮಿ ಹಿಡಿದರೂ ನಡುಕ ನಿಲ್ಲಲಿಲ್ಲ. ನರಗಳ ಡಾಕ್ಟರು ಮಾತ್ರೆ ಬರೆದುಕೊಟ್ಟು, "ಹತೋಟಿಗೆ ಬರುತ್ತೆ, ಪೂರ್ತಿ ಹೋಗೋದಿಲ್ಲ" ಎಂದರು. ಅವನು ಮನೆಯಲ್ಲಿ ತುಟಿಪಿಟಕ್ಕೆನ್ನದೆ ಸಿಪಾಯಿಗಳ ಡಬ್ಬಿಗಳನ್ನೆಲ್ಲ ಅಟ್ಟಕ್ಕೇರಿಸಿದ.

ಭಾನುವಾರ ಹೆಂಡತಿಯ ಅಣ್ಣ ಬಂದ. "ಯಾಕೆ ಭಾವ, ಮೇಜು ಖಾಲಿ?"

"ಸಾಕು ಭಾವ, ಈ ಮಕ್ಕಳಾಟ."

"ಹೋದ ವಾರ ಸೋತಿದ್ದಕ್ಕಾ?"

"ಹಾಗೇ ಅಂದ್ಕೊಳ್ಳಿ."

ಅಣ್ಣನ ಮುಖ ಚಿಕ್ಕದಾಯಿತು. ಹೊಸದಾಗಿ ಬಣ್ಣ ಹಚ್ಚಿ ತಂದಿದ್ದ ಕುದುರೆಪಡೆಯನ್ನು ತೋರಿಸದೆಯೇ ಬಗಲಲ್ಲಿಟ್ಟುಕೊಂಡು ಹೊರಟುಹೋದ.

ಹೆಂಡತಿಗೆ ಅನುಮಾನ ಬಂದಿತ್ತು. ಗಂಡನ ಕೈಯಲ್ಲಿ ಕಾಫಿಯ ಕಪ್ಪು-ಬಸಿಗಳು ಗಲಗಲ ಅನ್ನುವುದನ್ನೂ, ಅಂಗಿಯ ಗುಂಡಿ ಹಾಕಿಕೊಳ್ಳಲು ಅವನು ಗೋಡೆಗೆ ಮುಖ ಮಾಡಿ ನಿಲ್ಲುವುದನ್ನೂ ಅವಳು ನೋಡಿದ್ದಳು. ಕೇಳಿದರೆ ಸಿಡುಕುತ್ತಾನೆಂದು ಕೇಳಲಿಲ್ಲ. ಒಂದು ಮಧ್ಯಾಹ್ನ ಸೆರಗು ಸಿಕ್ಕಿಸಿ ಅಟ್ಟ ಹತ್ತಿ ಡಬ್ಬಿಗಳನ್ನು ಇಳಿಸಿದಳು. ಅವನು ಕೆಲಸದಿಂದ ಬರುವಷ್ಟರಲ್ಲಿ ಇನ್ನೂ ಬಣ್ಣ ಕಾಣದ ಸಿಪಾಯಿಯೊಬ್ಬನಿಗೆ ಹಳದಿ ಬಣ್ಣ ಮೆತ್ತುತ್ತಾ ಕೂತಿದ್ದಳು.

"ಲೇ, ಏನಿದು! ತೂಗುನಾಡಿನವರು ನೀಲಿ ಕೋಟು ಹಾಕೋದು!"

"ಇವರು ನಿಮ್ಮವರಲ್ಲ. ನನ್ನ ದೇಶದವರು."

"ನಿಂದ್ಯಾವ ದೇಶ?"

"ನಿಮ್ಮಿಬ್ಬರ ಮಧ್ಯೆ ಒಂದು ಬಯಲಿದೆಯಲ್ಲ, ಪ್ರತಿ ಸಲ ತುಳ್ಕೊಂಡು ಹೋಗ್ತೀರಲ್ಲ, ಅದು. ಅಲ್ಲಿ ಜನ ಇರಲ್ವಾ?"

ಅವನು ಆ ಹಳದಿ ಸಿಪಾಯಿಯನ್ನೇ ನೋಡಿದ. ಇಷ್ಟು ವರ್ಷ ಅರಸನ ಅಜ್ಜಂದಿರಿಗೆಲ್ಲ ಹೆಸರಿಟ್ಟಿದ್ದ. ಆ ಬಯಲಿಗೆ ಒಂದು ಹಳ್ಳಿಯನ್ನೂ ಕೊಟ್ಟಿರಲಿಲ್ಲ. ಕುರ್ಚಿ ಎಳೆದುಕೊಂಡು ಕೂತ. ನಡುಗುವ ಕೈಯನ್ನು ತಾನಾಗಿಯೇ ಮೇಜಿನ ಮೇಲಿಟ್ಟ. ಅವಳು ಅದರ ಮೇಲೆ ತನ್ನ ಕೈಯಿಟ್ಟಳು. ಹಳದಿ ಬಣ್ಣ ಇಬ್ಬರಿಗೂ ಅಂಟಿತು.

"ನನ್ನ ಹತ್ರ ಮುಚ್ಚಿಡೋದಾ?" ಎಂದಳು.

"ಹೇಳೋಕೆ ಧೈರ್ಯ ಬರಲಿಲ್ಲ ಕಣೇ."

ಸುದ್ದಿ ತಿಳಿದು ಅಣ್ಣ ಓಡೋಡಿ ಬಂದ. "ನನಗೆ ಒಂದು ಮಾತು ಹೇಳಬಾರದಿತ್ತಾ ಭಾವ? ಸೋತು ಓಡಿಹೋದ್ರಿ ಅಂತ ಬೀದಿಗೆಲ್ಲ ಡಂಗುರ ಹೊಡೆದುಬಿಟ್ಟೆನಲ್ಲ!"

ಮತ್ತೆ ಮೇಜಿನ ಮೇಲೆ ದಂಡುಗಳು ನಿಂತವು. ಸಿಪಾಯಿಯೊಬ್ಬನನ್ನು ಸರಿಸಲು ಹೋಗಿ ಸೇನಾಪತಿ ಮುಂದಿನ ಸಾಲನ್ನೇ ಉರುಳಿಸಿದ. ಹೆಂಡತಿಯ ಅಣ್ಣ ಬಗ್ಗಿ ಒಬ್ಬೊಬ್ಬರನ್ನಾಗಿ ಎತ್ತಿ ನಿಲ್ಲಿಸಿದ. "ಎಡವಿ ಬಿದ್ದವರು ಸತ್ತವರ ಲೆಕ್ಕ ಅಲ್ಲ. ಆಡಿ" ಎಂದ. ಆಮೇಲೆ ಅದೇ ನಿಯಮವಾಯಿತು.

ಈಗ ಸೇನಾಪತಿ ಬಣ್ಣ ಕಲಸಿಕೊಡುತ್ತಾನೆ, ಹೆಂಡತಿ ಹಚ್ಚುತ್ತಾಳೆ. ಕಣ್ಣು ಬರೆಯುವುದು ಮಾತ್ರ ಅವಳಿಗೆ ಇನ್ನೂ ಕೈಗೆ ಹತ್ತಿಲ್ಲ. ಬಯಲಿನ ಜನರೆಲ್ಲ ಬೆಚ್ಚಿಬಿದ್ದವರಂತೆ ಕಾಣುತ್ತಾರೆ. ಅವನು ನಕ್ಕರೆ ಅವಳ ಉತ್ತರ ಸಿದ್ಧ: "ಎರಡು ಕಡೆಯಿಂದ ದಂಡು ಬರ್ತಿದ್ರೆ ಇನ್ನು ಹೇಗ್ರೀ ನೋಡಬೇಕು?"