ಹೊಳೆಯ ಮಣ್ಣಿಗೂ ಪಾಸು!

"ಪಾಸ್ ಐತೇನ್ರಿ?"

ಕೇಳಿದ್ದು ಬಸ್ ಕಂಡಕ್ಟರ್ ಅಲ್ಲ. ಕಮತಗಿ ಹತ್ತಿರ ಮಲಪ್ರಭೆಯ ದಂಡೆಗೆ ಹೊಸದಾಗಿ ಹಾಕಿರುವ ತಂತಿ ಬೇಲಿಯ ವಾಚ್‌ಮನ್. ಕೇಳಿದ್ದು ಕುಂಬಾರರ ಶಾಂತವ್ವನನ್ನು. ಆಕೆಯ ಕೈಯಲ್ಲಿ ಒಂದು ಬುಟ್ಟಿ, ಒಂದು ಸಲಿಕೆ. ನಾಳಿದ್ದು ಮಣ್ಣೆತ್ತಿನ ಅಮಾವಾಸ್ಯೆ. ಊರಿನ ಪ್ರತಿ ಮನೆಯ ದೇವರ ಜಗುಲಿಗೆ ಒಂದು ಜೊತೆ ಎತ್ತು ಆಕೆಯೇ ಮಾಡಿಕೊಡಬೇಕು. (ಇಳಕಲ್ಲಿನಿಂದ ಪ್ರತಿವರ್ಷ ಬಂದು ಒಯ್ಯುವ ನನಗೂ.)

"ಪಾಸಾ? ಹೊಳಿ ಮಣ್ಣಿಗೆ?" ಎಂದಳು ಶಾಂತವ್ವ.

"ನಾ ಏನ್ ಮಾಡ್ಲಿ ಯವ್ವಾ, ಕಮಿಟಿಯವ್ರ ಆರ್ಡರ್ ಐತಿ. ಒಳಗ ಮಣ್ಣ ಮುಟ್ಟೂ ಹಂಗಿಲ್ಲ."

ಪಕ್ಕದಲ್ಲೇ ನಿಂತಿದ್ದ ನನಗೆ ಮೈಯೆಲ್ಲ ಉರಿದುಹೋಯಿತು. ಮೂರು ವರ್ಷದ ಹಿಂದೆ ಇಲ್ಲಿದ್ದದ್ದು ಜಾಲಿಕಂಟಿ, ಪ್ಲಾಸ್ಟಿಕ್ಕು, ಒಡೆದ ಬಾಟಲಿ. ಬಾದಾಮಿ ಕಡೆಯ ಮೂರ್ತಿ ಕಲಾವಿದ ಈರಣ್ಣ ಮತ್ತು ಅವನ ಗೆಳೆಯರು ಊರವರ ಜೊತೆ ಸೇರಿ ಎಲ್ಲ ಕಿತ್ತು ಹಸನು ಮಾಡಿದರು. ಅವರಿಗೂ ಮಣ್ಣು ಬೇಕು, ಶಾಂತವ್ವನಿಗೂ ಬೇಕು, ಬಣ್ಣದ ನೂಲು ಒಣಗಿಸಲು ನೇಕಾರರಿಗೂ ಜಾಗ ಬೇಕು. ಕಾನೂನು ಮಾಡಿದವಳು ಶಾಂತವ್ವ.

"ಮೊಣಕಾಲಿಗಿಂತ ಕೆಳಗ ಅಗೀಬ್ಯಾಡ್ರಿ, ದಂಡಿ ಕುಸೀತೈತಿ. ತಗದ ಕುಣಿ ಹಂಗ ಬಿಟ್ಟು ಹೋಗಬ್ಯಾಡ್ರಿ."

ಅಷ್ಟೇ. ಅಧ್ಯಕ್ಷರಿಲ್ಲ, ಬೋರ್ಡಿಲ್ಲ. ಒಬ್ಬರಾದರೂ ಜಗಳ ಆಡಿದ್ದನ್ನು ನಾನು ನೋಡಿಲ್ಲ.

ತಪ್ಪು ನನ್ನದೂ ಇದೆ. ಹೋದ ವರ್ಷ ಇದೇ ಅಂಕಣದಲ್ಲಿ ಈ ದಂಡೆಯನ್ನು ಬಾಯ್ತುಂಬ ಹೊಗಳಿದೆ. (ನನ್ನ ಕೈಗಿಷ್ಟು ಬೆಂಕಿ ಹಾಕ!) ಓದಿದವರು ಬಂದರು, ಸೆಲ್ಫಿ ತೆಗೆದರು, ಹಿಂದೆಯೇ ಒಂದು ಸುಂದರೀಕರಣ ಸಮಿತಿ ಬಂತು. ಈಗ ಬೇಲಿ, ಗೇಟು, 'ಕಲಾವನ' ಎಂಬ ಬೋರ್ಡು. ಬೋರ್ಡಿನ ಮೇಲೆ ದೊಡ್ಡದಾಗಿ ಶಾಂತವ್ವನದೇ ಫೋಟೊ! ನಾಚಿಕೆ ಬೇಡವೇ ಇವರಿಗೆ?

ಸಮಿತಿಯವರಿಗೆ ಫೋನ್ ಹಚ್ಚಿದೆ.

"ಸಿಟ್ಟಾಗಬ್ಯಾಡ್ರಿ ಮೇಡಂ. ಅಮಾಸಿ ದಿನ ಉದ್ಘಾಟನಾ ಐತಲ್ರಿ, ಶಾಂತವ್ವಗ ಸ್ಟೇಜ್ ಮ್ಯಾಲ ಎತ್ತು ಮಾಡಿ ತೋರಸಾಕ ಕರದೇವಿ. ಮಣ್ಣಿನ ಪಾಕೀಟು ತರಿಸೇವಿ."

ಮಣ್ಣಿನ ಪಾಕೀಟು! ಹೊಳೆ ಎದುರಿಗೇ ಹರಿಯುತ್ತಿದೆ, ಮಣ್ಣು ಮಾತ್ರ ಅಂಗಡಿಯಿಂದ ಬರಬೇಕಂತೆ.

ವಿಷಯ ಹೇಳಿದಾಗ ಶಾಂತವ್ವ ಬುಟ್ಟಿ ಬೋರಲು ಹಾಕಿ ಅದರ ಪಕ್ಕವೇ ಕೂತುಬಿಟ್ಟಳು. "ಪಾಕೀಟಿನ ಮಣ್ಣಿನ ಎತ್ತಿಗೆ ನಮ್ಮ ಹೊಲದ ಗುರ್ತರ ಇರ್ತೈತೇನ್ರಿ? ಊರಿಗೆ ನಾ ಏನಂತ ಮಾರಿ ತೋರಸ್ಲಿ?" ಅವಳ ಕಣ್ಣಲ್ಲಿ ನೀರು.

ಅಷ್ಟರಲ್ಲಿ ಈರಣ್ಣ ಬಂದ. ಅವನಿಗೆ ಸಮಿತಿ ಕೊಟ್ಟ 'ಕಲಾವಿದ' ಪಾಸು ಕೊರಳಲ್ಲೇ ಇತ್ತು. ತೆಗೆದು ವಾಚ್‌ಮನ್ ಕೈಗಿಟ್ಟ. "ಆಕಿ ಹೊರಗಿದ್ರ ನಾನೂ ಹೊರಗನಪಾ" ಎಂದು ಅವಳ ಪಕ್ಕ ಕೂತ.

ಅಂದಹಾಗೆ, ಕಲಾವನದ ಉದ್ಘಾಟನೆ ಮಾಡಬೇಕಾದವಳು ನಾನೇ. ಆಮಂತ್ರಣ ಪತ್ರಿಕೆಯಲ್ಲಿ ಹೆಸರೂ ಅಚ್ಚಾಗಿದೆ. ಖಂಡಿತ ಹೋಗುತ್ತೇನೆ. ರಿಬ್ಬನ್ ಕತ್ತರಿ ಬೇಡ, ತಂತಿ ಕತ್ತರಿಸುವಂಥದ್ದೇ ತಂದಿಡಿ ಎಂದು ಸಮಿತಿಗೆ ಹೇಳಿ ಕಳಿಸಿದ್ದೇನೆ.