ತುಂಬದ ನೆತ್ತಿ

ಹೋದ ವಾರ ಹಿಂದಿನ ಓಣಿಯಲ್ಲಿ ಯಾರೋ ಕೂಸಿಗೆ ಎರೆಯಲು ಔಡಲೆಣ್ಣೆ ಕಾಯಿಸುತ್ತಿದ್ದರು. ಎದ್ದು ಬಾಗಿಲು ಹಾಕಿಕೊಂಡೆ. ಬಾಗಿಲು ಹಾಕಿದರೆ ವಾಸನೆ ನಿಲ್ಲುತ್ತದೆಯೇ... ಎದುರುಮನೆಯ ಹುಡುಗಿ ನೆನಪಾದಳು.

ಇಳಕಲ್ಲಿನ ನಮ್ಮ ಓಣಿಯಲ್ಲಿ ಮೂವತ್ತು ವರ್ಷ ಕೂಸುಗಳಿಗೆ ಎರೆದವಳು ನಾನು. ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿ, ಬಿಸಿನೀರು ಹೊಯ್ದು, ತಲೆಯನ್ನು ಎರಡೂ ಅಂಗೈಯಲ್ಲಿ ಹಿಡಿದು ಗುಂಡಗೆ ಮಾಡುತ್ತಿದ್ದೆ. ಮೂಗು ತೀಡುತ್ತಿದ್ದೆ, ಗದ್ದ ಒತ್ತುತ್ತಿದ್ದೆ. ಈ ಓಣಿಯ ತಲೆಗಳೆಲ್ಲ ನನ್ನ ಕೈಯವು ಎಂದು ಸೊಕ್ಕಿನಿಂದ ಹೇಳಿಕೊಂಡು ತಿರುಗುತ್ತಿದ್ದೆ. ಓದಿದ್ದು ಎರಡನೇ ಇಯತ್ತೆ. ಎಲುಬಿನ ವಿಷಯ ಮಾತ್ರ ಎಲ್ಲ ಗೊತ್ತು ಅಂದುಕೊಂಡಿದ್ದೆ.

ಆ ಹುಡುಗಿಯ ತಲೆ ನನ್ನ ಕೈಗೆ ಬಗ್ಗಲಿಲ್ಲ. ಹಣೆ ಮುಂದೆ ಬಂತು, ಗದ್ದ ಹಿಂದೆ ಉಳಿಯಿತು. ಬೇರೆ ಕೂಸುಗಳ ನೆತ್ತಿ ಒಂದೂವರೆ ವರ್ಷಕ್ಕೆ ತುಂಬಿಕೊಳ್ಳುತ್ತದೆ. ಈಕೆಯದು ಸಾಲೆಗೆ ಹೋಗುವಾಗಲೂ ಎರಡು ಬೆರಳಗಲ ಮೆತ್ತಗೇ ಇತ್ತು. ಮುಟ್ಟಿದರೆ ಒಳಗಿನ ಬಡಿತ ತಾಗುತ್ತಿತ್ತು. ನಾನು ಎಣ್ಣೆ ಹಾಕುತ್ತಲೇ ಹೋದೆ. ಯುಗಾದಿಗೆ ತುಂಬುತ್ತದೆ, ದೀಪಾವಳಿಗೆ ತುಂಬುತ್ತದೆ ಎಂದು ಅವಳ ತಾಯಿಗೆ ಹೇಳುತ್ತಲೇ ಹೋದೆ.

ಒಂಬತ್ತು ವರ್ಷಕ್ಕೆ ಐದು ವರ್ಷದವಳಷ್ಟು ಎತ್ತರ, ಮೊಂಡ ಬೆರಳು. ತಲೆ ಬೆಳೆಯಿತು, ದವಡೆ ಬೆಳೆಯಲಿಲ್ಲ. ಹಾಲುಹಲ್ಲು ಬೀಳುವ ಮೊದಲೇ ಹಿಂದೆ ಇನ್ನೊಂದು ಸಾಲು ಹುಟ್ಟಿತು. ರೊಟ್ಟಿ ಅಗಿಯಲಾಗದೆ ಹಾಲಿನಲ್ಲಿ ನೆನೆಸಿ ನುಂಗುತ್ತಿದ್ದಳು. ನಾಲಿಗೆ ಮಾತ್ರ ಚುರುಕು.

"ಆಯಿ, ನಿನ್ನ ಬಾಯಾಗ ಮುಂದಿನ ಹಲ್ಲs ಇಲ್ಲ. ನನ್ನ ಬಾಯಾಗ ಎರಡ ಸಾಲ ಅದಾವ. ಒಂದ ಸಾಲ ನೀ ಇಟ್ಕೋ," ಅನ್ನುತ್ತಿದ್ದಳು.

"ನಿನ್ನ ಹುಳಕ ಹಲ್ಲ ಯಾರಿಗೆ ಬೇಕs, ಹೋಗs," ಅನ್ನುತ್ತಿದ್ದೆ.

ಅವಳ ತಾಯಿ ಸೀರೆ ನೇಯುವಾಕೆ. ಸೋದರಮಾವನನ್ನೇ ಮದುವೆಯಾಗಿದ್ದಳು, ಗಂಡ ಬೇಗ ಸತ್ತ. ಹುಡುಗಿಯನ್ನು ಬಾಗಲಕೋಟೆಯ ದೊಡ್ಡ ದವಾಖಾನೆಗೆ ಕರೆದೊಯ್ದು ಎಲುಬಿನ ಫೋಟೋ ತೆಗೆಸಿಕೊಂಡು ಬಂದಳು.

"ಸಾವಿರದಾಗ ಒಬ್ಬರಿಗೂ ಬರೂದಿಲ್ಲಂತ ಅತ್ತಿ, ಇದು. ಎಲುವು ಕಲ್ಲಿನಂಗ ಗಟ್ಟಿ ಅದಾವಂತ, ಆದರ ಬಳಪದಂಗ ಮುರೀತಾವಂತ. ದವಡಿ ಅಂತೂ ಭಾಳ ನಾಜೂಕಂತ. ನಮ್ಮನ್ನ ಬಿಟ್ಟು ಹಲ್ಲಿಗೆ ಯಾರ ಕೈಯೂ ಹಚ್ಚಸಬ್ಯಾಡ ಅಂದ್ರು."

"ನಿನ್ನೆ ಮೊನ್ನೆ ಮೀಸಿ ಬಂದ ಡಾಕ್ಟರ ನನಗ ಎಲುವಿನ ಸುದ್ದಿ ಹೇಳ್ತಾನ?" ಅಂದೆ.

ಒಂದು ಮಧ್ಯಾಹ್ನ ತಾಯಿ ನೇಯ್ದ ಸೀರೆ ಮುಟ್ಟಿಸಲು ಪೇಟೆಗೆ ಹೋಗಿದ್ದಳು. ಹೋಗುವಾಗ ಮಾಳಿಗೆಯ ಮೇಲೆ ಒಣಹಾಕಿದ ಅರಿವೆ ತಂದಿಡು ಎಂದು ಮಗಳಿಗೆ ಹೇಳಿದ್ದಳು. ಹುಡುಗಿ ಮಾಳಿಗೆ ಹತ್ತಲಿಲ್ಲ. ಗಲ್ಲ ಹಿಡಿದುಕೊಂಡು ನನ್ನ ಮನೆಗೆ ಬಂದಳು.

"ಭಾಳ ನೋಯ್ತೈತಿ ಆಯಿ. ಇದೊಂದ ತಗದ ಬಿಡು. ಅವ್ವಗ ಹೇಳೂದಿಲ್ಲ."

ಹಾಲುಹಲ್ಲು, ಅಷ್ಟೇ. ಓಣಿಯ ಮಕ್ಕಳದ್ದೆಲ್ಲ ನಾನೇ ತೆಗೆದವಳು. ರೇಷ್ಮೆ ಎಳೆ ಕಟ್ಟಿ ಜಗ್ಗಿದೆ, ಬರಲಿಲ್ಲ. ದವಡೆಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ಮತ್ತೆ ಜಗ್ಗಿದೆ. ಹಲ್ಲು ಬಂತು. ಅದರ ಜೊತೆಗೇ ಒಣಗಿದ ಹತ್ತಿಕಟ್ಟಿಗೆ ಮುರಿದಂಥ ಸಪ್ಪಳ... ಹುಡುಗಿ ಅಳಲಿಲ್ಲ. ನನ್ನನ್ನೇ ನೋಡಿದಳು. ಕೆಳಗಿನ ದವಡೆ ಒಂದು ಕಡೆ ಜೋತುಬಿದ್ದಿತ್ತು.

ರಕ್ತ ಒರೆಸುತ್ತಿರುವಾಗಲೇ ತಾಯಿ ಬಂದಳು. ಚೀರಿದಳು. ನಾನು ಬಾಯಿ ತೆರೆಯುವ ಮೊದಲೇ ಹುಡುಗಿ ಕೈ ಎತ್ತಿ ತಮ್ಮ ಮನೆಯ ಮಾಳಿಗೆ ಮೆಟ್ಟಿಲು ತೋರಿಸಿದಳು. ಆ ಬಾಯಲ್ಲೇ "ಬಿದ್ದೆ" ಅಂದಳು.

ತಾಯಿ ನನ್ನ ಕಡೆ ತಿರುಗಿದಳು.

"ಹೌದವಾ, ಬಿದ್ಲು. ನಾ ನೋಡೀನಿ, ನಾನs ಎತ್ತಿ ತಂದೀನಿ," ಅಂದೆ.

"ನಾನs ಕೊಂದ್ನೆವ್ವಾ, ಅರಿವಿ ತಾ ಅಂತ ನಾನs ಹೇಳಿದ್ದೆ," ಎಂದು ಆಕೆ ಹಣೆ ಚಚ್ಚಿಕೊಂಡಳು. ನಾನು ಹಲ್ಲನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನಿಂತಿದ್ದೆ.

ಆಕೆ ಮಗಳನ್ನು ಎತ್ತಿಕೊಂಡು ಓಡಿದ ಮೇಲೆ ಮಾಳಿಗೆಯ ಮೇಲಿನ ಅರಿವೆ ನಾನೇ ಇಳಿಸಿಟ್ಟೆ. ಬಿದ್ದು ಮುರಿದದ್ದು ಎಂದುಕೊಂಡೇ ದವಾಖಾನೆಯವರು ಔಷಧ ಮಾಡಿದರು. ಮುರಿದ ಎಲುಬು ಕೂಡಲಿಲ್ಲ. ಕೀವು ತುಂಬಿ ಗದ್ದದ ಕೆಳಗೆ ತೂತು ಬಿತ್ತು. ಎರಡು ಸಲ ಕೊಯ್ದರು. ಹಲ್ಲು ಕಿತ್ತ ಮಾತು ನಾನು ಹೇಳಲಿಲ್ಲ, ಅವಳೂ ಹೇಳಲಿಲ್ಲ. ಹೇಳಿದ್ದರೆ ಉಳಿಯುತ್ತಿದ್ದಳೋ ಏನೋ, ನನಗೆ ಗೊತ್ತಿಲ್ಲ. ನೋಡಲು ಹೋದಾಗ ಬಾಯಿಗೆ ಬಟ್ಟೆ ಕಟ್ಟಿಕೊಂಡೇ ಮಲಗಿದ್ದಳು. ತಾಯಿ ಗಂಜಿ ತರಲು ಹೊರಗೆ ಹೋದಾಗ ನನ್ನ ಕೈ ಹಿಡಿದು ಹೇಳಬೇಡ ಎಂಬಂತೆ ತಲೆ ಅಲ್ಲಾಡಿಸಿದಳು. ನನಗೆ ಅಷ್ಟೇ ಬೇಕಾಗಿತ್ತು. ಒಂಬತ್ತು ವರ್ಷದ ಕೂಸಿನ ಹಿಂದೆ ಅಡಗಿ ಕೂತೆ.

ವರ್ಷ ತುಂಬುವುದರೊಳಗೆ ಹೋದಳು. ಕಡೆಯ ಸಲ ನಾನೇ ಎರೆದೆ. ನೆತ್ತಿ ಹಾಗೇ ಮೆತ್ತಗಿತ್ತು, ಬಡಿತ ಇರಲಿಲ್ಲ. ಆಮೇಲೆ ಯಾರ ಕೂಸನ್ನೂ ಕಾಲ ಮೇಲೆ ಹಾಕಿಕೊಳ್ಳಲಿಲ್ಲ. ಮಂಡಿನೋವು ಅಂದೆ, ಜನ ನಂಬಿದರು.

ತಾಯಿ ಇನ್ನೂ ಎದುರುಮನೆಯಲ್ಲೇ ಇದ್ದಾಳೆ. ಕಣ್ಣು ಮಂದವಾಗಿ ನೇಯುವುದು ಬಿಟ್ಟಿದ್ದಾಳೆ. ಆಕೆಗೆ ಓದಲು ಬರುವುದಿಲ್ಲ, ಅದಕ್ಕೇ ಇದನ್ನು ಬರೆಯುವ ಧೈರ್ಯ ನನಗೆ. ಬೇಸರವಾದಾಗ ಬಂದು ನನ್ನ ಕಟ್ಟೆಯ ಮೇಲೆ ಕೂಡುತ್ತಾಳೆ. ಮಗಳು ನಗುವುದನ್ನು, ಮಾತಾಡುವುದನ್ನು ಕಡೆಯದಾಗಿ ನೋಡಿದವಳು ನಾನೇ ಎಂದು ನನ್ನನ್ನೇ ಕೇಳುತ್ತಾಳೆ. ನಿನ್ನೆಯೂ ಕೇಳಿದಳು.

"ಅತ್ತಿ, ಹೆಂಗ ಬಿದ್ಲು, ಇನ್ನೊಮ್ಮೆ ಹೇಳ್ರಿ. ಅರಿವಿ ಕೈಯಾಗಿದ್ದುವs?"

"ಇದ್ದುವವಾ."

"ಯಾವ ಮೆಟ್ಟಲಾ?"

"ಮೂರನೇದು," ಅಂದೆ. ಕಾಲು ಹೇಗೆ ಜಾರಿತು, ಅರಿವೆ ಹೇಗೆ ಚೆಲ್ಲಾಡಿದವು ಎಂದು ಒಂದೊಂದಾಗಿ ಹೇಳಿ, ಹತ್ತದೇ ಇದ್ದ ಆ ಮೆಟ್ಟಿಲಿನಿಂದ ಹುಡುಗಿಯನ್ನು ಮತ್ತೊಮ್ಮೆ ಬೀಳಿಸಿದೆ.